ಊಟದ ಮೇಜಿನ ಮೇಲೊಂದು ಜುಲೂ ದಂಡು

ರಾತ್ರಿ ಎಂಟೂವರೆಯ ಸಮಯ. ಅಡುಗೆಮನೆಯಿಂದ ಸಾರಿನ ಒಗ್ಗರಣೆಯ ಘಮಲು ತೇಲಿ ಬರುತ್ತಿದ್ದಿತು. ಕೈಯಲ್ಲಿ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿ ನಿಂತ ನನ್ನ ಗೃಹಿಣಿ, "ನಿಮ್ಮ ದಂಡು ಇನ್ನೂ ಜಾಗ ಖಾಲಿ ಮಾಡಲಿಲ್ಲವೇ?" ಎಂದಳು. ಮೇಜಿನ ಮೇಲೆ ಒಂದಂಗುಲ ಎತ್ತರದ ನಾನೂರು ಮಂದಿ ಯೋಧರು ಗುರಾಣಿ ಹಿಡಿದು ನಿಂತಿದ್ದರು. ಅವರ ಗುರಾಣಿಗಳ ಬಣ್ಣ ಇನ್ನೂ ಹಸಿಯಾಗಿದ್ದುದರಿಂದ ಕದಲಿಸುವಂತಿರಲಿಲ್ಲ. ಅಂದು ನಾವೆಲ್ಲರೂ ನೆಲದ ಮೇಲೆ ಎಲೆ ಹಾಕಿಕೊಂಡು ಉಂಡೆವು. ನವರಾತ್ರಿಯ ಬೊಂಬೆಗಳಾದರೆ ಹತ್ತು ದಿನಕ್ಕೆ ಪೆಟ್ಟಿಗೆ ಸೇರುವುವು, ಇವುಗಳಿಗೆ ಅಂಥ ವಿಜಯದಶಮಿಯೇ ಇಲ್ಲವೆಂದು ಆಕೆಯ ದೂರು. ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ.

ವಯಸ್ಸಾದವನೊಬ್ಬನ ಬೊಂಬೆಯಾಟವೆಂದು ಓದುಗರು ನಗಬಾರದು. ಚಿಕ್ಕ ಚಿಕ್ಕ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಅಡಿಕೋಲಿನಿಂದ ದೂರವನ್ನು ಅಳೆದು, ಹಿಂದೆ ನಡೆದ ಯುದ್ಧಗಳನ್ನು ಮತ್ತೆ ಆಡಿ ನೋಡುವ ಹವ್ಯಾಸವು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಕಾಲಾಳು, ಕುದುರೆ, ಆನೆ, ರಥಗಳನ್ನು ಮಣೆಯ ಮೇಲೆ ನಡೆಸಿದ ಚತುರಂಗದ ನಾಡಿನವರಾದ ನಮಗೆ ಇದು ತೀರ ಅಪರಿಚಿತವಾಗಬೇಕಾದುದಲ್ಲ. 1824ರ ಸುಮಾರಿಗೆ ಪ್ರಷ್ಯದ ಸೇನಾಧಿಕಾರಿಗಳು ನಕ್ಷೆಯ ಮೇಲೆ ಆಡುವ ಯುದ್ಧದಾಟವನ್ನು ಪಾಠವೆಂದೇ ಕಲಿತರು. ಅದನ್ನು ಮನೆಯ ನಡುಮನೆಗೆ ತಂದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು, ಸ್ಪ್ರಿಂಗಿನ ಆಟದ ಫಿರಂಗಿಯಿಂದ ತವರದ ಸಿಪಾಯಿಗಳನ್ನು ಉರುಳಿಸುವ ಕ್ರಮವನ್ನು ವಿವರಿಸಿದನು. ನಿಜವಾದ ಯುದ್ಧಕ್ಕಿಂತ ಈ ಆಟವೇ ಲೇಸೆಂಬುದು ಅವನ ವಾದ. ಮರುವರ್ಷವೇ ಮಹಾಯುದ್ಧವು ಆರಂಭವಾಯಿತು.

ನಾನು ಆರಿಸಿಕೊಂಡುದು 1879ರ ಆಂಗ್ಲ–ಜುಲೂ ಯುದ್ಧ. ಜುಲೂಗಳು ಇಂದಿನ ದಕ್ಷಿಣ ಆಫ್ರಿಕದ ಪೂರ್ವತೀರಕ್ಕೆ ಸೇರಿದವರು. ಆ ವರ್ಷದ ಜನವರಿ 22ರಂದು ಇಸಾಂಡ್ಲ್ವಾನ ಎಂಬ ಒಂಟಿ ಗುಡ್ಡದ ಬುಡದಲ್ಲಿ, ಬಹುಮಟ್ಟಿಗೆ ಈಟಿ ಗುರಾಣಿಗಳನ್ನೇ ನಂಬಿದ್ದ ಅವರ ಸೇನೆಯು ಬಂದೂಕು ಫಿರಂಗಿಗಳುಳ್ಳ ಬ್ರಿಟಿಷ್ ಶಿಬಿರವನ್ನು ಒಂದೇ ಮಧ್ಯಾಹ್ನದಲ್ಲಿ ನಿರ್ನಾಮ ಮಾಡಿತು. ಅದೇ ಸಂಜೆ ಹತ್ತಿರದ ರೋರ್ಕ್ಸ್ ಡ್ರಿಫ್ಟ್ ಎಂಬ ಕಡವಿನಲ್ಲಿ ಸುಮಾರು 150 ಮಂದಿ ಬ್ರಿಟಿಷರು ಮೂರು ನಾಲ್ಕು ಸಾವಿರ ಜುಲೂಗಳನ್ನು ಬೆಳಗಿನವರೆಗೆ ತಡೆದು ನಿಂತರು. ಜುಲೈ 4ರಂದು ಉಲುಂಡಿಯಲ್ಲಿ ರಾಜ ಸೆಟ್ಶ್ವಾಯೋನ ಸೇನೆ ಸಂಪೂರ್ಣವಾಗಿ ಮುರಿಯಿತು. ಮೇಜಿನ ಸಮರದ ಹವ್ಯಾಸಿಗಳಿಗೆ ಈ ಮೂರು ಯುದ್ಧಗಳೂ ಅಚ್ಚುಮೆಚ್ಚು.

ಎಣಿಕೆಯ ಕಷ್ಟ

ಜುಲೂ ಸೇನೆಯನ್ನು ಕಟ್ಟ ಹೊರಟವನಿಗೆ ಮೊದಲು ಎದುರಾಗುವುದು ಎಣಿಕೆ. ಇಸಾಂಡ್ಲ್ವಾನದಲ್ಲಿ ನೆರೆದಿದ್ದ ಜುಲೂಗಳು ಸುಮಾರು 20,000. ಐವತ್ತು ಮಂದಿಗೆ ಒಂದು ಬೊಂಬೆಯೆಂದು ಹಿಡಿದರೂ ನಾನೂರು ಬೊಂಬೆಗಳಾದುವು. ಎದುರಿನ ಶಿಬಿರದಲ್ಲಿದ್ದವರು ಸುಮಾರು 1,700, ಅಂದರೆ 34 ಬೊಂಬೆಗಳು. ಬ್ರಿಟಿಷ್ ಪಕ್ಷ ವಹಿಸಿದವನು ಒಂದು ವಾರದ ಸಂಜೆಗಳಲ್ಲಿ ಕೆಲಸ ಮುಗಿಸಿ ಕಾಫಿ ಕುಡಿಯುತ್ತಾ ಕುಳಿತುಕೊಳ್ಳಬಹುದು. ಜುಲೂ ಪಕ್ಷದವನಿಗೆ ಒಂದು ಮಳೆಗಾಲವೂ ಸಾಲದು. ರೋರ್ಕ್ಸ್ ಡ್ರಿಫ್ಟನ್ನು ಇದೇ ಲೆಕ್ಕದಲ್ಲಿ ಆಡಿದರೆ ಆ ಪ್ರಸಿದ್ಧ ರಕ್ಷಕರು ಮೂರೇ ಬೊಂಬೆಗಳಾಗಿಬಿಡುವರು! ಆದ್ದರಿಂದ ಅಲ್ಲಿ ಬ್ರಿಟಿಷರನ್ನು ಒಬ್ಬನಿಗೆ ಒಬ್ಬನಂತೆ ನಿಲ್ಲಿಸಿ, ಜುಲೂಗಳ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳುವುದೇ ರೂಢಿ. ಈ ಕಣ್ಣುಮುಚ್ಚಾಲೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಆ 34ರ ವಿಷಯದಲ್ಲಿಯೂ ಒಂದು ಮಾತುಂಟು. ಅಂಗಡಿಯ ಪೆಟ್ಟಿಗೆಯನ್ನು ನಂಬಿದರೆ ಅವರೆಲ್ಲರೂ ಕೆಂಪಂಗಿಯ ಬಿಳಿಯ ಸಿಪಾಯಿಗಳು. ಆದರೆ ಅಂದು ಶಿಬಿರದಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಫ್ರಿಕದವರೇ. ನೆರೆಯ ನಟಾಲಿನಿಂದ ಸೇರಿಸಿಕೊಂಡ ಇವರಲ್ಲಿ ಬಹುಮಂದಿಗೆ ಸಮವಸ್ತ್ರವೆಂಬುದು ತಲೆಗೆ ಸುತ್ತಿದ ಒಂದು ಕೆಂಪು ಬಟ್ಟೆಯ ಚೂರು ಮಾತ್ರ. ಶಿಬಿರದಲ್ಲಿ ಸತ್ತ 1,300ಕ್ಕೂ ಹೆಚ್ಚಿನ ಮಂದಿಯಲ್ಲಿ ಇವರು ನಾನೂರಕ್ಕೂ ಮಿಗಿಲು. ಹಾಗಾಗಿ ನನ್ನ 34ರಲ್ಲಿ ಹದಿನಾರು ಮಂದಿಗೆ ಕೆಂಪಂಗಿ ದೊರೆಯಲಿಲ್ಲ.

ಬಣ್ಣ ಬಳಿಯುವ ಕೆಲಸದಲ್ಲಿ ರಹಸ್ಯವೇನೂ ಇಲ್ಲ, ಬೇಕಾದುದು ತಾಳ್ಮೆ. ಪ್ಲಾಸ್ಟಿಕ್ ಬೊಂಬೆಗಳನ್ನು ಮೊದಲು ಸಾಬೂನಿನ ನೀರಿನಲ್ಲಿ ತೊಳೆಯಬೇಕು. ಇಲ್ಲವಾದರೆ ಅಚ್ಚಿನ ಜಿಡ್ಡು ಉಳಿದು, ಬಳಿದ ಬಣ್ಣವು ಮೊದಲ ಆಟದಲ್ಲಿಯೇ ಹೊಪ್ಪಳೆ ಹೊಪ್ಪಳೆಯಾಗಿ ಉದುರುವುದು. ಬಳಿಕ ಮರದ ಅಡಿಕೋಲಿನ ಮೇಲೆ ಹತ್ತು ಹತ್ತು ಮಂದಿಯನ್ನು ಗೋಂದಿನಿಂದ ಅಂಟಿಸಿಕೊಂಡು, ಹತ್ತು ಮಂದಿಗೂ ಮೈಬಣ್ಣ, ಆಮೇಲೆ ಹತ್ತು ಮಂದಿಗೂ ಸೊಂಟದ ಚರ್ಮ, ಆಮೇಲೆ ಈಟಿಯ ಅಲಗು, ಹೀಗೆ ಕಾರ್ಖಾನೆಯ ಕ್ರಮದಲ್ಲಿ ಸಾಗಬೇಕು. ಕಡೆಯಲ್ಲಿ ತೆಳುವಾದ ಕಂದುಬಣ್ಣದ ನೀರನ್ನು ಮೈತುಂಬ ಹರಿಸಿದರೆ ಅದು ಸಂದುಗೊಂದುಗಳಲ್ಲಿ ಇಳಿದು ನೆರಳನ್ನು ತಾನೇ ಮೂಡಿಸುವುದು. ಮೈಬಣ್ಣವನ್ನು ಮಾತ್ರ ಒಂದೇ ಶೀಸೆಯಿಂದ ಬಳಿಯಬಾರದು. ಯಾವ ಊರಿನಲ್ಲಿ ತಾನೇ ನಾನೂರು ಜನ ಒಂದೇ ಬಣ್ಣದವರಿದ್ದಾರೆ? ನಾಲ್ಕೈದು ಬಗೆಯ ಕಂದನ್ನು ಬಟ್ಟಲಲ್ಲಿ ಕಲಸಿಟ್ಟುಕೊಂಡು, ಬೇಕೆಂದೇ ಬೆರೆಸಿ ಬಳಿಯಬೇಕು.

ನಾನು ಮೊದಲು ಬಣ್ಣ ಬಳಿದ ನಲವತ್ತು ಮಂದಿ ತಪ್ಪಾದರು. ಹಳೆಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು, ಆಸ್ಟ್ರಿಚ್ ಗರಿ, ಚಿರತೆಯ ಚರ್ಮದ ಹಣೆಪಟ್ಟಿ, ತೋಳು ಮೊಣಕಾಲುಗಳಿಗೆ ಹಸುವಿನ ಬಾಲದ ಬಿಳಿಯ ಕುಚ್ಚು, ಇವನ್ನೆಲ್ಲ ಮೂರು ವಾರ ಕಣ್ಣು ನೋಯುವಂತೆ ಮೂಡಿಸಿದ್ದೆ. ಆಮೇಲೆ ಓದಿ ತಿಳಿದೆ, ಅದು ಅವರ ಹಬ್ಬದ ಉಡುಗೆ! ಗರಿಗಳು ದುಬಾರಿಯವು, ನಾಜೂಕಾದವು. ಯುದ್ಧಕ್ಕೆ ಹೊರಡುವಾಗ ಬಹುಪಾಲು ಯೋಧರು ಅವನ್ನು ಮನೆಯಲ್ಲಿ ಬಿಟ್ಟು, ಸೊಂಟದ ಚರ್ಮವೊಂದನ್ನು ಕಟ್ಟಿಕೊಂಡು ಹೋಗುತ್ತಿದ್ದರು. ಮದುವೆಯ ಜರಿಪಂಚೆಯನ್ನುಟ್ಟು ಗದ್ದೆಯ ಕೆಲಸಕ್ಕೆ ಇಳಿದವರಂತೆ ನನ್ನ ನಲವತ್ತು ಮಂದಿ ನಿಂತಿದ್ದರು. ಗರಿಗಳನ್ನು ಕತ್ತರಿಸಿ ತೆಗೆದೆ.

ಓರಗೆಯವರ ಪಡೆ

ಬಣ್ಣ ತಪ್ಪಿದ ಮೇಲೆಯೇ ಆ ಸೇನೆಯ ರಚನೆಯನ್ನು ಸರಿಯಾಗಿ ಓದಿದೆನೆನ್ನಬೇಕು. ನಮ್ಮ ಪಟಾಲಮುಗಳು ಊರಿನ ಹೆಸರಿನಿಂದಲೋ ಸಂಖ್ಯೆಯಿಂದಲೋ ಗುರುತಾಗುವುವಷ್ಟೆ. ಜುಲೂಗಳ ಪಡೆಯು ವಯಸ್ಸಿನಿಂದ ಗುರುತಾಗುತ್ತಿದ್ದಿತು. ಆಸುಪಾಸಿನ ಕೆಲವು ವರ್ಷಗಳಲ್ಲಿ ಹುಟ್ಟಿದ ಹುಡುಗರನ್ನೆಲ್ಲ, ಅವರಿಗೆ ಹದಿನೆಂಟು ಇಪ್ಪತ್ತಾದಾಗ, ರಾಜನು ರಾಜ್ಯದ ಮೂಲೆಮೂಲೆಗಳಿಂದ ಕರೆಯಿಸಿ, ಒಂದೇ ಪಡೆಯಾಗಿ ಸೇರಿಸಿ, ಹೆಸರಿಡುತ್ತಿದ್ದನು. ಇದಕ್ಕೆ ಇಬುಥೋ ಎಂದು ಹೆಸರು. ಓರಗೆಪಡೆಯೆಂದು ಕನ್ನಡದಲ್ಲಿ ಕರೆದರೆ ಒಪ್ಪುವುದು. ಹೆಸರುಗಳೂ ಸೊಗಸಾಗಿವೆ. ಇನ್ಗೊಬಮಖೋಸಿ ಎಂದರೆ ರಾಜರನ್ನು ಬಗ್ಗಿಸುವವರು, ಇಂಡ್ಲುಯೆಂಗ್ವೆ ಎಂದರೆ ಚಿರತೆಯ ಮನೆ. ಈ ಹುಡುಗರು ರಾಜನ ಪಾಳೆಯಗಳಲ್ಲಿ ವಾಸಿಸಿ, ಅವನ ದನ ಕಾಯ್ದು, ಹೊಲ ಗೇದು, ಯುದ್ಧ ಬಂದಾಗ ಹೋರಾಡಬೇಕು.

ಇದರಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ಆಶ್ಚರ್ಯಪಟ್ಟ ಸಂಗತಿಯೊಂದುಂಟು. ರಾಜನ ಅಪ್ಪಣೆಯಾಗುವವರೆಗೆ ಇವರಲ್ಲಿ ಯಾರೂ ಮದುವೆಯಾಗುವಂತಿರಲಿಲ್ಲ. ಅಪ್ಪಣೆಯೂ ಒಬ್ಬೊಬ್ಬರಿಗಲ್ಲ, ಇಡೀ ಪಡೆಗೆ ಒಟ್ಟಿಗೆ! ಮೂವತ್ತೈದು ದಾಟುವವರೆಗೂ ಕಾದ ಪಡೆಗಳುಂಟು. ಅಪ್ಪಣೆಯಾದ ದಿನ ಅವರು ತಲೆಗೂದಲಿಗೆ ನಾರು ಮತ್ತು ಮೇಣದಂಥ ಅಂಟನ್ನು ಸೇರಿಸಿ ಹೊಲಿದ ಕರಿಯ ಬಳೆಯೊಂದನ್ನು ತೊಡುತ್ತಿದ್ದರು. ನಮ್ಮಲ್ಲಿ ಕೊರಳಿನ ತಾಳಿ ಹೆಣ್ಣಿನ ಸ್ಥಿತಿಯನ್ನು ಹೇಳುವಂತೆ, ಅಲ್ಲಿ ತಲೆಯ ಬಳೆಯು ಗಂಡಿನ ಸ್ಥಿತಿಯನ್ನು ಹೇಳುತ್ತಿದ್ದಿತು. ಒಂದಂಗುಲದ ಬೊಂಬೆಯ ತಲೆಯ ಮೇಲೆ ಆ ಬಳೆಯನ್ನು ಸೊನ್ನೆ ನಂಬರಿನ ಕುಂಚದಿಂದ ಬರೆಯುವಾಗ ಉಸಿರು ಬಿಗಿಹಿಡಿಯಬೇಕಾಗುವುದು.

ಯುದ್ಧದ ವ್ಯೂಹವನ್ನು ಅವರು ಕಾಡೆಮ್ಮೆಯ ಕೊಂಬಿಗೆ ಹೋಲಿಸುತ್ತಿದ್ದರು. ನಡುವೆ ಎದೆ, ಇಕ್ಕೆಲಗಳಲ್ಲಿ ಕೊಂಬುಗಳು, ಹಿಂದೆ ಸೊಂಟ. ಎದೆಯು ಶತ್ರುವನ್ನು ಎದುರಿನಲ್ಲಿ ಹಿಡಿದಿರುವಾಗ, ಕಾಲಿನಲ್ಲಿ ಕಸುವುಳ್ಳ ತರುಣರ ಪಡೆಗಳು ಕೊಂಬುಗಳಾಗಿ ಎರಡು ಕಡೆಯಿಂದಲೂ ಓಡಿ ಬಳಸಬೇಕು. ವಯಸ್ಸಾದವರು ಸೊಂಟವಾಗಿ ಹಿಂದುಳಿದು, ಕರೆ ಬಂದಾಗ ನುಗ್ಗಬೇಕು. ಇಸಾಂಡ್ಲ್ವಾನದಲ್ಲಿ ಎಡಗೊಂಬಾದವರು ಇನ್ಗೊಬಮಖೋಸಿ ಮತ್ತು ಉವೆ ಪಡೆಯ ಹುಡುಗರು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ. ಈ ವಯಸ್ಸಿನ ಲೆಕ್ಕವಿಲ್ಲದೆ ನಾನೂರು ಬೊಂಬೆಗಳನ್ನು ಕಲಸಿ ನಿಲ್ಲಿಸಿದವನು ಜಾತ್ರೆಯ ಗುಂಪನ್ನು ಕಟ್ಟಬಹುದೇ ಹೊರತು ಜುಲೂ ಸೇನೆಯನ್ನಲ್ಲ.

ಪಂಚಾಂಗ ನೋಡುವ ಓದುಗರಿಗೊಂದು ಸ್ವಾರಸ್ಯ. ಜನವರಿ 22 ಅಮಾವಾಸ್ಯೆ. ಆ ದಿನ ಕಾಳಗಕ್ಕೆ ಒಳ್ಳೆಯದಲ್ಲವೆಂದು ಜುಲೂ ದಳಪತಿಗಳು ಕಣಿವೆಯೊಂದರಲ್ಲಿ ಸೇನೆಯನ್ನು ಸುಮ್ಮನೆ ಕೂರಿಸಿದ್ದರು. ಬ್ರಿಟಿಷ್ ಸವಾರರ ತುಕಡಿಯೊಂದು ಅಕಸ್ಮಾತ್ತಾಗಿ ಅವರ ಮೇಲೆಯೇ ಬಂದು ಬಿದ್ದಾಗ ತರುಣರನ್ನು ತಡೆಯಲಾಗಲಿಲ್ಲ. ಕಾಳಗವು ನಡೆಯುತ್ತಿರುವಂತೆಯೇ, ಮಧ್ಯಾಹ್ನದಲ್ಲಿ, ಸೂರ್ಯನಿಗೆ ಪಾರ್ಶ್ವಗ್ರಹಣ ಹಿಡಿಯಿತು.

ಗುರಾಣಿಯ ಮೇಲಿನ ಹಸು

ಜುಲೂ ಸೇನೆಗೆ ಬಣ್ಣ ಬಳಿಯುವವನ ನಿಜವಾದ ಸುಖವಿರುವುದು ಗುರಾಣಿಯಲ್ಲಿ. ಅದು ಹಸುವಿನ ಚರ್ಮ, ಕೂದಲು ಸಮೇತ. ಒಂದು ಚರ್ಮದಲ್ಲಿ ಎರಡು ಗುರಾಣಿಗಳಾಗುತ್ತಿದ್ದುವು. ನಡುವೆ ಎರಡು ಸಾಲು ಸೀಳು ಮಾಡಿ, ಚರ್ಮದ ಪಟ್ಟಿಗಳನ್ನು ಹೆಣೆದು, ಹಿಂದಿನಿಂದ ಉದ್ದನೆಯ ಕೋಲೊಂದನ್ನು ತೂರಿಸುವರು. ಶಾಕಾ ರಾಜನ ಕಾಲದ ಗುರಾಣಿಯು ಯೋಧನನ್ನೇ ಮರೆಮಾಡುವಷ್ಟು ದೊಡ್ಡದು. 1850ರ ದಶಕದಲ್ಲಿ ಸೆಟ್ಶ್ವಾಯೋ ತನ್ನ ಸೋದರನೊಡನೆ ಪಟ್ಟಕ್ಕಾಗಿ ಹೋರಾಡಿದಾಗ, ಓಡಲು ಹಗುರವಾದ ಚಿಕ್ಕ ಗುರಾಣಿ ಬಳಕೆಗೆ ಬಂದಿತು. 1879ರಲ್ಲಿ ಎರಡೂ ಇದ್ದುವು. ಕೈಯಲ್ಲಿ ಇರಿಯುವ ಗಿಡ್ಡ ಈಟಿ. ಅದಕ್ಕೆ ಇಕ್ಲ್ವಾ ಎಂದು ಹೆಸರು. ಮೈಯಿಂದ ಈಟಿಯನ್ನು ಹಿಂದಕ್ಕೆ ಸೆಳೆಯುವಾಗ ಆಗುವ ಸದ್ದಿನಿಂದ ಆ ಹೆಸರು ಬಂದಿತೆಂಬ ಮಾತನ್ನು ಮಕ್ಕಳ ಮುಂದೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಈ ಗುರಾಣಿಗಳು ಯೋಧನ ಸ್ವಂತ ಸೊತ್ತಲ್ಲ. ರಾಜನ ಮಂದೆಯ ಚರ್ಮದಿಂದಾದ ಅವು ಅವನ ಪಾಳೆಯಗಳ ಉಗ್ರಾಣದಲ್ಲಿರುತ್ತಿದ್ದುವು. ಪಡೆಯೊಂದಕ್ಕೆ ಒಂದು ಬಣ್ಣ. ಎಳೆಯರಿಗೆ ಕಪ್ಪು, ಹಿರಿಯರಿಗೆ ಬಿಳುಪು ಹೆಚ್ಚಾದುದು, ನಡುವಿನವರಿಗೆ ಮಚ್ಚೆ ಚುಕ್ಕೆಗಳ ನೂರಾರು ಬಗೆ. ವಯಸ್ಸು ಏರಿದಂತೆ ಗುರಾಣಿಯೂ ಬೆಳ್ಳಗಾಗುವುದೆನ್ನಿ, ಮನುಷ್ಯನ ಕೂದಲಿನಂತೆಯೇ. 1879ರ ಹೊತ್ತಿಗೆ ಈ ಕಟ್ಟುನಿಟ್ಟು ಸಾಕಷ್ಟು ಸಡಿಲವಾಗಿತ್ತು. ಆದ್ದರಿಂದ ಪಡೆಯ ಹೆಚ್ಚಿನ ಗುರಾಣಿಗಳನ್ನು ಒಂದು ಬಣ್ಣದಲ್ಲಿ ಬಳಿದು, ನಡುನಡುವೆ ಬೇರೆಯವನ್ನು ಸೇರಿಸುವುದೇ ಸರಿಯಾದ ಕ್ರಮ.

ದನದ ಮೈಬಣ್ಣವನ್ನು ಹೇಳಲು ಜುಲೂ ಭಾಷೆಯಲ್ಲಿರುವಷ್ಟು ಮಾತುಗಳು ಲೋಕದ ಬೇರೆ ಯಾವ ಭಾಷೆಯಲ್ಲಾದರೂ ಇವೆಯೋ ಇಲ್ಲವೋ! ಹಕ್ಕಿಯ ಮೊಟ್ಟೆಯ ಚುಕ್ಕೆಯಂಥದು, ಇಂಥ ಹಕ್ಕಿಯ ರೆಕ್ಕೆಯಂಥದು, ಇಂಥ ಕಲ್ಲಿನಂಥದು ಎಂದು ಒಂದೊಂದು ಹಸುವಿಗೂ ಒಂದೊಂದು ವರ್ಣನೆ. ಗೋವಿನ ಹಾಡಿನ ಗೊಲ್ಲನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವುದನ್ನು ಕೇಳಿ ಬೆಳೆದ ನಮಗೆ ಈ ಜನರ ಮನಸ್ಸು ಸುಲಭವಾಗಿ ತಿಳಿಯುವುದು. ನಾನು ಹಳ್ಳಿಯಲ್ಲಿದ್ದಾಗ ನೋಡಿದ ಕೆಂದ, ಕಪಿಲೆ, ಮಚ್ಚೆಯ ಹಸುಗಳನ್ನು ನೆನಪಿಗೆ ತಂದುಕೊಂಡು ಗುರಾಣಿ ಬಳಿಯತೊಡಗಿದೆ. ಮಚ್ಚೆಯನ್ನು ಕುಂಚದಿಂದ ದುಂಡಗೆ ಬರೆದರೆ ಅದು ಹಸುವಾಗದು, ದಾಳವಾಗುವುದು. ಅಂಚು ಹರಿದಂತಿರಬೇಕು, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಚೆದರಿರಬೇಕು. ನೂರು ಗುರಾಣಿ ಮುಗಿಯುವ ಹೊತ್ತಿಗೆ ಕೈ ಕುದುರಿತು.

ಹುಲ್ಲಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬೊಂಬೆಯ ಪೀಠಕ್ಕೆ ಮರಳು ಅಂಟಿಸಿ ಒಣಹುಲ್ಲಿನ ಬಣ್ಣ ಬಳಿಯುವುದು ವಾಡಿಕೆ. ಆಫ್ರಿಕವೆಂದೊಡನೆ ಒಣ ಹಳದಿಯೇ ಕಣ್ಣಿಗೆ ಕಟ್ಟುವುದು. ಆದರೆ ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ನಾಡಿನಲ್ಲಿ ಜನವರಿ ಎಂದರೆ ಬೇಸಗೆ, ಮಳೆಯ ಕಾಲ. ಇಸಾಂಡ್ಲ್ವಾನದ ಹುಲ್ಲು ಹಸುರಾಗಿ ಎತ್ತರಕ್ಕೆ ಬೆಳೆದಿದ್ದಿತು. ಜುಲೈ ತಿಂಗಳ ಉಲುಂಡಿಯಾದರೆ ಚಳಿಗಾಲ, ಆಗ ಹಳದಿ ಸರಿ.

ರೋರ್ಕ್ಸ್ ಡ್ರಿಫ್ಟಿನ ನಡುವಯಸ್ಕರು

1964ರಲ್ಲಿ ತೆರೆಕಂಡ 'ಜುಲೂ' ಎಂಬ ಚಲನಚಿತ್ರವನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ರೋರ್ಕ್ಸ್ ಡ್ರಿಫ್ಟಿನ ಕಥೆಯೇ ಅದರ ವಸ್ತು. ರಾಜ ಸೆಟ್ಶ್ವಾಯೋನ ಪಾತ್ರವನ್ನು ಆತನ ವಂಶದವರೇ ಆದ ಮಾಂಗೊಸುಥು ಬುಥೆಲೆಜಿ ಅಭಿನಯಿಸಿದರು. ಮುಂದೆ ಅವರು ಆ ನಾಡಿನ ರಾಜಕಾರಣದಲ್ಲಿ ದೊಡ್ಡ ಹೆಸರಾಗಿ 2023ರಲ್ಲಿ ತೀರಿಕೊಂಡರು. ಲೋಕದಲ್ಲಿ ಎಷ್ಟು ಮಂದಿ ಈ ಚಿತ್ರವನ್ನು ನೋಡಿ ಜುಲೂ ಬೊಂಬೆಗಳನ್ನು ಕೊಂಡಿರಬಹುದೆಂದು ಎಣಿಸುವಂತಿಲ್ಲ. ಆದರೆ ಚಿತ್ರವನ್ನು ನಂಬಿ ಬಣ್ಣ ಬಳಿದವನು ಎರಡು ಕಡೆ ಎಡವುವನು.

ರೋರ್ಕ್ಸ್ ಡ್ರಿಫ್ಟಿಗೆ ಬಂದವರು ಇಸಾಂಡ್ಲ್ವಾನದಲ್ಲಿ ಸೊಂಟವಾಗಿ ಹಿಂದುಳಿದಿದ್ದ ಪಡೆಗಳು: ಉಥುಲ್ವಾನ, ಉಡ್ಲೋಕೊ, ಇಂಡ್ಲೋಂಡ್ಲೋ, ಇವರೊಡನೆ ಅವಿವಾಹಿತರಾದ ಇಂಡ್ಲುಯೆಂಗ್ವೆ. ಶಿಬಿರದ ಕಾಳಗದಲ್ಲಿ ಅವರಿಗೆ ಕೈ ದೊರೆತಿರಲಿಲ್ಲ. ಬ್ರಿಟಿಷರಿಂದ ಕಿತ್ತ ಹೊಸ ಬಂದೂಕುಗಳು ಇವರ ಕೈಯಲ್ಲಿದ್ದುವೆಂಬುದು ಚಿತ್ರದ ಕಲ್ಪನೆ. ಇವರು ಹೊತ್ತಿದ್ದುದು ವ್ಯಾಪಾರಿಗಳಿಂದ ಬಂದ ಹಳೆಯ ತೋಡೇದಾರಿನಂಥ ಕೋವಿಗಳನ್ನು. ಜುಲೂ ಬೊಂಬೆಗಳಿಗೆ ಕೋವಿಯೇ ಕೂಡದೆಂಬುದೂ ತಪ್ಪು, ಹೊಸ ಕೋವಿ ಹಿಡಿಸುವುದೂ ತಪ್ಪು.

ಎರಡನೆಯದೇ ನನ್ನನ್ನು ಹೆಚ್ಚು ಕಾಡಿದುದು. ಈ ಪಡೆಗಳಲ್ಲಿ ಮೂರು, ಮದುವೆಯಾದವರವು. ಉಥುಲ್ವಾನದವರಿಗೆ ಸುಮಾರು ನಲವತ್ತೈದು, ಉಳಿದಿಬ್ಬರಿಗೆ ನಲವತ್ತು ದಾಟಿದ ವಯಸ್ಸು. ರಾಜ ಸೆಟ್ಶ್ವಾಯೋ ಸ್ವತಃ ಉಥುಲ್ವಾನ ಪಡೆಗೆ ಸೇರಿದವನು. ಬೆಳಗಿನಿಂದ ಬರಿಗಾಲಿನಲ್ಲಿ ಗುಡ್ಡ ಬಳಸಿ, ಹೊಳೆ ದಾಟಿ, ಹತ್ತು ಮೈಲಿಗೂ ಹೆಚ್ಚು ದೂರ ಬಂದು, ಮೆಕ್ಕೆಜೋಳದ ಮೂಟೆ ಮತ್ತು ಬಿಸ್ಕತ್ತಿನ ಪೆಟ್ಟಿಗೆಗಳ ಗೋಡೆಯ ಮೇಲೆ ಸಂಜೆಯಿಂದ ನಡುರಾತ್ರಿ ಮೀರುವವರೆಗೆ ಮತ್ತೆ ಮತ್ತೆ ಏರಿ ಹೋದವರು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದ ನಡುವಯಸ್ಕರು. ನಮ್ಮ ಕಛೇರಿಗಳಲ್ಲಿ ಹೆಡ್ ಗುಮಾಸ್ತರ ವಯಸ್ಸು! ಒಳಗಿದ್ದವರಿಗೆ ಹನ್ನೊಂದು ವಿಕ್ಟೋರಿಯಾ ಕ್ರಾಸ್ ಪದಕಗಳು ಬಂದುವು. ಅವರ ಧೈರ್ಯವೂ ಸಣ್ಣದಲ್ಲ. ಆದರೆ ಹೊರಗಿದ್ದವರ ಮುಖವನ್ನು ಯಾವ ಬೊಂಬೆ ತಯಾರಕನೂ ಮುದಿಯಾಗಿ ಅಚ್ಚು ಹಾಕಿದಂತೆ ನಾನು ಕಾಣೆ. ಪೆಟ್ಟಿಗೆಯಲ್ಲಿ ಬರುವವರೆಲ್ಲರೂ ಇಪ್ಪತ್ತರ ಪೈಲ್ವಾನರು. ಅವರ ತಲೆಗೆ ಬಳೆ ಬರೆದು, ಗಡ್ಡಕ್ಕೆ ಬೂದುಬಣ್ಣದ ಒಂದು ಚುಕ್ಕೆಯಿಟ್ಟು ವಯಸ್ಸನ್ನು ತರಿಸಬೇಕಾಯಿತು.

ಇನ್ನೊಂದು ಕೊರತೆಯನ್ನೂ ನೀಗಿಸಬೇಕಾಯಿತು. ಸೇನೆಯ ಹಿಂದೆ ಉಡಿಬಿ ಎಂಬ ಹುಡುಗರು ನಡೆಯುತ್ತಿದ್ದರು. ಹನ್ನೆರಡು ಹದಿಮೂರರ ಆಸುಪಾಸಿನವರು, ಅಣ್ಣನದೋ ತಂದೆಯದೋ ಚಾಪೆಯನ್ನೂ ಊಟದ ಗಂಟನ್ನೂ ತಲೆಯ ಮೇಲೆ ಹೊತ್ತವರು. ನನ್ನ ಪೆಟ್ಟಿಗೆಯಲ್ಲಿ ಅವರಿರಲಿಲ್ಲ. ಮುರಿದ ಬೊಂಬೆಗಳ ಕಾಲುಗಳನ್ನು ಗಿಡ್ಡವಾಗಿಸಿ, ತೆಂಗಿನ ಗರಿಯ ಚೂರನ್ನು ಸುರುಳಿ ಸುತ್ತಿ ಚಾಪೆ ಮಾಡಿ, ಒಂಬತ್ತು ಮಂದಿ ಉಡಿಬಿಗಳನ್ನು ಹೊಂದಿಸಿದೆ.

ಸತ್ತವರು ಎದ್ದು ಬರುವ ನಿಯಮ

ಸೇನೆಯೇನೋ ಸಿದ್ಧವಾಯಿತು. ಆಡುವುದಕ್ಕೆ ನಿಯಮಗಳು ಬೇಕು. ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕಗಳು ಹಲವಾರಿವೆ. 2016ರಲ್ಲಿ ಬಂದ 'ದಿ ಮೆನ್ ಹೂ ವುಡ್ ಬಿ ಕಿಂಗ್ಸ್' ಎಂಬ ಒಂದರಲ್ಲಿ ಕೆಂಪಂಗಿಯವರ ತುಕಡಿಗೆ ಹನ್ನೆರಡು ಬೊಂಬೆ, ಈಟಿಯವರ ತುಕಡಿಗೆ ಹದಿನಾರು. ಬಹುಮಂದಿ ಹವ್ಯಾಸಿಗಳು ಅನುಸರಿಸುವ ಇನ್ನೊಂದು ಉಪಾಯವುಂಟು. ಜುಲೂ ಬೊಂಬೆಗಳು ಎಷ್ಟಿದ್ದರೂ ಸಾಲವಾದುದರಿಂದ, ಸತ್ತ ತುಕಡಿಯನ್ನು ಎತ್ತಿ ಮೇಜಿನ ಹಿಂದಿನ ಅಂಚಿನಲ್ಲಿ ಹೊಸ ತುಕಡಿಯಾಗಿ ಮತ್ತೆ ನಿಲ್ಲಿಸುವರು. ಮುಂದೆ ಹೇಳುವೆನೆಂದ ಕಣ್ಣುಮುಚ್ಚಾಲೆ ಇದೇ. ಆಟಕ್ಕೆ ಇದು ಅನುಕೂಲ, ಅದರಲ್ಲಿ ಸಂದೇಹವಿಲ್ಲ. ಅಲೆಯ ಮೇಲೆ ಅಲೆಯಾಗಿ ಬಂದಂತೆ ಕಾಣುವುದು, ಎದುರಾಳಿಗೆ ಮೈ ಜುಮ್ಮೆನ್ನುವುದು.

ನನ್ನ ತಮ್ಮನ ಮಗ ರಜೆಗೆ ಬಂದಿದ್ದನು. ಕೆಂಪಂಗಿಯ ಪಕ್ಷ ಅವನದು. ಮೂರನೆಯ ಸುತ್ತಿನಲ್ಲಿ ನಾನು ಉರುಳಿದ ಇನ್ಗೊಬಮಖೋಸಿ ಹುಡುಗರನ್ನು ಎತ್ತಿ ಹಿಂದಿನ ಅಂಚಿನಲ್ಲಿ ನಿಲ್ಲಿಸಿದೆ.

"ದೊಡ್ಡಪ್ಪ, ಇವನನ್ನು ಆಗಲೇ ಕೊಂದೆನಲ್ಲ. ಇದೇ ಕೆಂಪು ಮಚ್ಚೆಯ ಗುರಾಣಿ," ಎಂದನು.

ನಿಯಮ ಹಾಗಿದೆಯೆಂದೆ. ಇವನು ಅವನಲ್ಲ, ಬೇರೊಬ್ಬನೆಂದು ಭಾವಿಸಬೇಕೆಂದೆ.

"ನೀವೇ ಒಂದೊಂದು ಗುರಾಣಿಗೂ ಬೇರೆ ಬೇರೆ ಹಸು ಬರೆದಿದ್ದೀರಲ್ಲ, ಬೇರೊಬ್ಬ ಹೇಗಾದಾನು?" ಎಂದು ಹುಡುಗನು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. ಆ ನಿಯಮವನ್ನು ನಾವು ಅಂದೇ ಕೈಬಿಟ್ಟೆವು.

ಈ ಯುದ್ಧವೇಕೆ ಆಯಿತೆಂದೂ ಅವನಿಗೆ ಹೇಳಬೇಕಾಯಿತು. ಸೆಟ್ಶ್ವಾಯೋ ಯಾರ ಮೇಲೆಯೂ ದಂಡೆತ್ತಿ ಹೋದವನಲ್ಲ. ದಕ್ಷಿಣ ಆಫ್ರಿಕದಲ್ಲಿ ಬ್ರಿಟನ್ನಿನ ಹೈಕಮಿಷನರಾಗಿದ್ದ ಸರ್ ಬಾರ್ಟಲ್ ಫ್ರಿಯರ್ 1878ರ ಡಿಸೆಂಬರ್ 11ರಂದು ಮೂವತ್ತು ದಿನಗಳ ಗಡುವಿನ ಶಾಸನವೊಂದನ್ನು ಕಳುಹಿಸಿದನು. ನಾನು ಇಷ್ಟು ಶ್ರಮದಿಂದ ಬಣ್ಣ ಬಳಿದು ವಿಂಗಡಿಸಿದ ಓರಗೆಪಡೆಗಳನ್ನೆಲ್ಲ ವಿಸರ್ಜಿಸಬೇಕೆಂಬುದು ಅದರ ಮುಖ್ಯ ಬೇಡಿಕೆ. ಅಂದರೆ ರಾಜ್ಯವನ್ನೇ ಬಿಚ್ಚಿಹಾಕಬೇಕೆಂದು. ಯಾವ ರಾಜನೂ ಒಪ್ಪಲಾರದ ಷರತ್ತನ್ನಿಟ್ಟು, ಗಡುವು ಮುಗಿದ ದಿನ, ಜನವರಿ 11ರಂದು, ಸೇನೆಯನ್ನು ನುಗ್ಗಿಸಿದರು. ಈ ಫ್ರಿಯರ್ ನಮಗೆ ಹೊಸಬನಲ್ಲ. 1862ರಿಂದ 1867ರವರೆಗೆ ಮುಂಬಯಿಯ ಗವರ್ನರಾಗಿದ್ದವನು. ಧಾರವಾಡ, ಬೆಳಗಾವಿಗಳು ಆಗ ಅವನ ಆಡಳಿತಕ್ಕೆ ಒಳಪಟ್ಟಿದ್ದುವು.

ಮೇಜಿನ ಆಟದಲ್ಲಿ ಬದುಕಿದವನುಂಟು, ಸತ್ತವನುಂಟು, ಗಾಯಗೊಂಡವನು ಅಪರೂಪ. ರೋರ್ಕ್ಸ್ ಡ್ರಿಫ್ಟಿನ ಸುತ್ತ ಬಿದ್ದಿದ್ದ ಗಾಯಾಳು ಜುಲೂಗಳನ್ನು ಮರುದಿನ ಕೊಂದುಹಾಕಿದರು. ಉಲುಂಡಿಯಲ್ಲಿಯೂ ಹಾಗೆಯೇ ಆಯಿತು. ಅಲ್ಲಿ ಬ್ರಿಟಿಷರು ಗ್ಯಾಟ್ಲಿಂಗ್ ಯಂತ್ರಕೋವಿಗಳೊಡನೆ ಚೌಕವಾಗಿ ನಿಂತು, ಒಂದು ಗಂಟೆಯೊಳಗೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಡವಿದರು. ತಮ್ಮ ಪಕ್ಷದಲ್ಲಿ ಕಳೆದುಕೊಂಡುದು ಹತ್ತಾರು ಮಂದಿಯನ್ನು. ಸೆಟ್ಶ್ವಾಯೋ ಆಗಸ್ಟ್ 28ರಂದು ಸೆರೆಯಾದನು.

ಜುಲೂ ಗಾಯಾಳುಗಳಿಗೆ ಆರೈಕೆ ಮಾಡಿದವರ ಕಥೆಯೊಂದು ಮುಂದೆ ಇಪ್ಪತ್ತೇಳು ವರ್ಷಗಳ ಬಳಿಕ ಬರುವುದು, ಅದು ನಮ್ಮವರದು. 1860ರಿಂದ ಭಾರತದ ಕೂಲಿಗಳು ಕಬ್ಬಿನ ತೋಟಗಳಿಗೆಂದು ನಟಾಲಿಗೆ ಹೋಗಿ ನೆಲಸಿದ್ದರು. 1906ರಲ್ಲಿ ಅಲ್ಲಿ ಬಂಬಾಥಾ ದಂಗೆಯೆಂದು ಹೆಸರಾದ ಜುಲೂ ಬಂಡಾಯವಾದಾಗ, ಮೋಹನದಾಸ ಗಾಂಧಿಯವರು ಬ್ರಿಟಿಷರ ಪರವಾಗಿಯೇ ಇಪ್ಪತ್ತಕ್ಕೂ ಹೆಚ್ಚು ಭಾರತೀಯರ ಡೋಲಿ ಪಡೆಯೊಂದನ್ನು ಕಟ್ಟಿಕೊಂಡು ಹೋದರು. ಹೋಗಿ ನೋಡಿದರೆ, ಬಿಳಿಯ ಶುಶ್ರೂಷಕರು ಮುಟ್ಟಲೊಲ್ಲದ ಜುಲೂಗಳನ್ನು ನೋಡಿಕೊಳ್ಳುವುದೇ ಅವರ ಪಾಲಿಗೆ ಬಂದ ಕೆಲಸ. ಅವರಲ್ಲಿ ಅನೇಕರು ಕಾಳಗದಲ್ಲಿ ಗಾಯಗೊಂಡವರೂ ಅಲ್ಲ. ಸಂಶಯದ ಮೇಲೆ ಹಿಡಿದು ಚಾವಟಿಯಿಂದ ಹೊಡೆದುದರಿಂದ ಆದ ಹುಣ್ಣುಗಳು ಕೀವು ತುಂಬಿದ್ದುವು. ಆ ಕೆಲವು ವಾರಗಳ ಮೈಲಿಗಟ್ಟಲೆ ನಡಿಗೆಯಲ್ಲಿ ಗಾಂಧಿಯವರ ಮನಸ್ಸು ಆಳವಾಗಿ ಕಲಕಿತೆಂದು ಅವರ ಆತ್ಮಕಥೆಯನ್ನು ಓದಿದವರೆಲ್ಲರೂ ಬಲ್ಲರು.

ನಮ್ಮ ಆಟ ಎರಡು ಭಾನುವಾರ ನಡೆಯಿತು. ಇಸಾಂಡ್ಲ್ವಾನವನ್ನು ಜುಲೂಗಳೇ ಗೆದ್ದರು. ನನ್ನ ಕೊಂಬುಗಳು ಗುಡ್ಡದ ಹಿಂದೆ ಸೇರಿಕೊಂಡಾಗ ಹುಡುಗನ ಮುಖ ಸಪ್ಪಗಾಯಿತು. ಆಟ ಮುಗಿದ ಮೇಲೆ, ಉರುಳಿದ ಜುಲೂ ಬೊಂಬೆಗಳನ್ನು ಅವನು ಒಂದು ಸ್ಟೀಲಿನ ತಟ್ಟೆಯಲ್ಲಿ ಆರಿಸಿಟ್ಟನು. ಇಪ್ಪತ್ತೊಂದು ಇದ್ದುವು.

"ಒಂದಕ್ಕೆ ಐವತ್ತಾದರೆ ಸಾವಿರದ ಐವತ್ತು. ಅಲ್ಲಿ ನಿಜವಾಗಿ ಎಷ್ಟು ಮಂದಿ ಸತ್ತರು, ದೊಡ್ಡಪ್ಪ?"

"ಸಾವಿರಕ್ಕೆ ಕಡಮೆಯಿಲ್ಲ," ಎಂದೆ.

"ಗೆದ್ದವರಲ್ಲಿ?"

"ಹೂಂ, ಗೆದ್ದವರಲ್ಲಿ."

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದನು. ಮನೆಯಾಕೆ ಬಂದು ತಟ್ಟೆಯನ್ನು ನೋಡಿ, ಊಟಕ್ಕೆ ಬೇರೊಂದನ್ನು ತೆಗೆದುಕೊಂಡಳು. ಮುಂದಿನ ರಜೆಗೆ ಉಲುಂಡಿಯನ್ನು ಆಡೋಣವೆಂದು ಹುಡುಗನು ಹೇಳಿಹೋಗಿದ್ದಾನೆ. ಈ ಬಾರಿ ತಾನು ಜುಲೂ ಪಕ್ಷವಂತೆ. ಅದಕ್ಕಾಗಿ ನಾನೂರು ಪೀಠಗಳ ಹಸುರು ಹುಲ್ಲಿಗೆ ಹಳದಿ ಬಳಿಯಬೇಕಾಗಿದೆ, ಶೀಸೆಯನ್ನು ಇನ್ನೂ ತೆರೆದಿಲ್ಲ.